ಎರಡು ಕಡೆಯಿಂದ ಬರುವ ದುಡ್ಡಲ್ಲ, ದೋಸ್ತಾ

"ಗಡಿಯವರಿಗೆ ಆರಾಮ, ಕೆಲಸ ಹೋದರೆ ಎರಡೂ ಸರ್ಕಾರದ ದುಡ್ಡು ಬರುತ್ತಲ್ವಾ?" ಅಂತ ನೀನು ಕೇಳಿದೆ. ಬೆಂಗಳೂರಲ್ಲಿ ಕೂತವರಿಗೆ ಹಾಗೆ ಅನ್ನಿಸಬಹುದು. ಕರ್ನಾಟಕದ ನಿಪ್ಪಾಣಿಯಲ್ಲಿ ಮನೆ, ಗಡಿಯಾಚೆ ಮಹಾರಾಷ್ಟ್ರದ ಕಾಗಲ್ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ನಮ್ಮಲ್ಲಿ ಇದು ವಿಶೇಷವೇ ಅಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಗಡಿ ದಾಟುತ್ತೇವೆ, ಸಂಜೆ ಮನೆಗೆ ಬರುತ್ತೇವೆ.

ಕರ್ನಾಟಕ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಯ ಲೆಕ್ಕ ಸರಳ. ಡಿಗ್ರಿಯವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಕ್ಕಿರಬಾರದು, ಕರ್ನಾಟಕದಲ್ಲಿ ಆರು ವರ್ಷವಾದರೂ ಓದಿರಬೇಕು. ನನ್ನ ತಮ್ಮನಿಗೆ ಸಿಕ್ಕಿತು. ನನ್ನದು ಹಳೇ ಐಟಿಐ, ಅದು ನನಗಲ್ಲ.

ನನಗೆ ಇದ್ದದ್ದು ಇಎಸ್‌ಐನ, ಅಂದರೆ ಕಾರ್ಮಿಕರ ವಿಮೆಯ, ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ; ಕೆಲಸ ಹೋದವರಿಗೆ ಕೊಡುವ ದುಡ್ಡು. ಅದು ಕೇಂದ್ರದ್ದು, ಎರಡೂ ರಾಜ್ಯದ್ದಲ್ಲ. 2018ರಲ್ಲಿ ಶುರುವಾದಾಗ ದಿನದ ಸರಾಸರಿ ಸಂಬಳದ ಕಾಲು ಭಾಗ ಕೊಡುತ್ತಿದ್ದರು. 2020ರ ಕೊರೊನಾ ಕಾಲದಲ್ಲಿ ಅರ್ಧಕ್ಕೆ ಏರಿಸಿದರು. ಹಿಂದಿನ ಎರಡು ವರ್ಷದ ಸಂಬಳ ಕೂಡಿಸಿ 730ರಿಂದ, ಅಂದರೆ ಎರಡು ವರ್ಷದ ದಿನಗಳಿಂದ, ಭಾಗಿಸುತ್ತಾರೆ. ತಿಂಗಳಿಗೆ 14,600 ಇದ್ದರೆ ದಿನಕ್ಕೆ 480 ಆಯಿತು, ಅದರ ಅರ್ಧ 240. ಹೆಚ್ಚೆಂದರೆ 90 ದಿನ, ಅಂದರೆ 21,600. ನಡುವೆ ಮೂರು ತಿಂಗಳು ಕೆಲಸವಿಲ್ಲದೆ ಕೂತಿದ್ದರೂ ಭಾಗಿಸುವುದು 730ರಿಂದಲೇ. ಕೆಲಸ ಬಿಟ್ಟು ಬಿಟ್ಟು ಸಿಗುವವನಿಗೆ ದಿನದ ದರವೇ ಇಳಿಯುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ.

ಆದರೆ ನಮ್ಮನ್ನು ಹಣ್ಣು ಮಾಡುವುದು ಈ ಲೆಕ್ಕವಲ್ಲ, ಹೆಸರು. ಶಾಲೆಯಲ್ಲಿ, ಆಧಾರ್‌ನಲ್ಲಿ ನಾನು ಈರಪ್ಪ. ಕಾರ್ಖಾನೆಯಲ್ಲಿ ಮರಾಠಿಯಲ್ಲಿ ಕೇಳಿಸಿಕೊಂಡು ಇರಾಪ್ಪಾ ಅಂತ ಬರೆದುಕೊಂಡರು. ಅಪ್ಪನ ಹೆಸರು ನಡುವೆ ಬಂತು, ಅಡ್ಡಹೆಸರು ಕೊನೆಗೆ ಹೋಯಿತು. ಇಂಗ್ಲಿಷ್ ಅಕ್ಷರಗಳೂ ಬೇರೆಯಾದವು. ಸಂಬಳ ಬರುವಾಗ ಯಾರೂ ನೋಡಲಿಲ್ಲ. ಕೆಲಸ ಹೋದ ಮೇಲೆ ಅರ್ಜಿ ಹಾಕಿದಾಗ ಎಲ್ಲರಿಗೂ ಕಂಡಿತು. ಆ ಕಡೆಯವರು "ನಿಮ್ಮ ಆಧಾರ್ ಕರ್ನಾಟಕದ್ದು, ಅಲ್ಲೇ ಬದಲಿಸಿ" ಅಂದರು. ಈ ಕಡೆಯವರು "ಕಾರ್ಖಾನೆ ಮಹಾರಾಷ್ಟ್ರದ್ದು, ಅಲ್ಲೇ ಕೇಳಿ" ಅಂದರು.

ಆಧಾರ್ ಬದಲಿಸಿದ್ದರೆ ಬೇಗ ಮುಗಿಯುತ್ತಿತ್ತೇನೋ. ನಾನು ಒಪ್ಪಲಿಲ್ಲ. ಅದು ನಮ್ಮಜ್ಜನ ಹೆಸರು, ಕನ್ನಡ ಶಾಲೆಯಲ್ಲಿ ಬರೆಸಿದ ಹೆಸರು. ಮರಾಠಿ ನನಗೂ ಚೆನ್ನಾಗಿ ಬರುತ್ತದೆ, ಅದರ ಮೇಲೆ ಸಿಟ್ಟಿಲ್ಲ. ಹಾಗಂತ ದುಡ್ಡಿಗಾಗಿ ನನ್ನ ಹೆಸರನ್ನೇ ಬೇರೆ ಮಾಡಿಕೊಳ್ಳಲಾ? ಕೊನೆಗೆ ಕಾರ್ಖಾನೆಯ ದಾಖಲೆಯನ್ನೇ ತಿದ್ದಿಸಿದೆ. ಅದಕ್ಕೆ ಐದು ಸಲ ಗಡಿ ದಾಟಿದೆ, ಕೆಲಸವಿಲ್ಲದ ದಿನಗಳಲ್ಲಿ, ನನ್ನದೇ ಬಸ್ ಚಾರ್ಜಿನಲ್ಲಿ.