ಆಪ್‌ಗೆ ಕೊಟ್ಟು ನಮಗೆ ಉಳಿಯೋದೆಷ್ಟು?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ಬೆಣ್ಣೆ ದೋಸೆ ಹೋಟೆಲ್ ಇದೆ. ಫುಡ್ ಡೆಲಿವರಿ ಆಪ್‌ನವರು ಸೇರಿಕೊಳ್ಳಿ ಅಂತ ಬೆನ್ನು ಹತ್ತಿದ್ದಾರೆ. ಕಮಿಷನ್ 24 ಪರ್ಸೆಂಟ್ ಅಂತೆ. ಮಗ ಸೇರೋಣ ಅಂತಾನೆ, ನನಗೆ ಧೈರ್ಯ ಸಾಲದು. ಏನು ಮಾಡಲಿ?

ಉತ್ತರ: ಧೈರ್ಯ ಆಮೇಲೆ, ಮೊದಲು ಲೆಕ್ಕ ಹಾಕಿ ಸ್ವಾಮಿ. 100 ರೂಪಾಯಿಯ ಆರ್ಡರ್ ಬಂತು ಅಂತಿಟ್ಟುಕೊಳ್ಳಿ. ಕಮಿಷನ್ 24. ಆ ಕಮಿಷನ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ 4 ರೂಪಾಯಿ 32 ಪೈಸೆ. 5 ಪರ್ಸೆಂಟ್ ತೆರಿಗೆಯ ಹೋಟೆಲುಗಳಿಗೆ ಇನ್‌ಪುಟ್ ಕ್ರೆಡಿಟ್ (ಖರ್ಚಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಇಲ್ಲ, ಹಾಗಾಗಿ ಅದು ವಾಪಸ್ ಬರುವ ದುಡ್ಡಲ್ಲ. ಅಲ್ಲಿಗೆ 28 ಚಿಲ್ಲರೆ ಹೋಯಿತು. ಡಬ್ಬಿ, ಚಟ್ನಿ ಕವರು, ಚೀಲ ಅಂತ 8 ಹಿಡಿಯಿರಿ. ಹಿಟ್ಟು, ಬೆಣ್ಣೆ, ಆಲೂಗಡ್ಡೆ, ಒಲೆ ಖರ್ಚು 40. ಕೈಗೆ ಉಳಿದದ್ದು 23 ಚಿಲ್ಲರೆ. ಅದೇ ಗಿರಾಕಿ ನಿಮ್ಮ ಹೋಟೆಲಿಗೇ ಬಂದು ತಿಂದಿದ್ದರೆ 60 ಉಳಿಯುತ್ತಿತ್ತು.

ಹಾಗಂತ ಬೇಡವೇ ಬೇಡ ಅಂತಲ್ಲ. ಮಧ್ಯಾಹ್ನ ಮೂರು ಗಂಟೆಗೆ ಕಾವಲಿ ಖಾಲಿ ಇದೆ, ಭಟ್ಟರು ಕೂತಿದ್ದಾರೆ, ಬಾಡಿಗೆ ಹೇಗೂ ಕಟ್ಟಲೇಬೇಕು. ಆ ಹೊತ್ತಿಗೆ ಬರುವ 23 ರೂಪಾಯಿ ಪೂರ್ತಿ ಲಾಭ. ಬೆಳಿಗ್ಗೆ ಎಂಟೂವರೆಗೆ ಜನ ನಿಂತು ಕಾಯ್ತಿರುವಾಗ ಅದೇ ಕಾವಲಿ ಮೇಲೆ ಆಪ್ ಆರ್ಡರ್ ಹುಯ್ದರೆ 60 ಬಿಟ್ಟು 23 ಹಿಡಿದ ಹಾಗೆ. ಆದ್ದರಿಂದ ಸೇರಿ, ಆದರೆ ಬೆಳಗಿನ ರಶ್ಶಿನಲ್ಲಿ ಆಫ್ ಮಾಡಿಡಿ. ಆಫರ್ ಹಾಕಿದರೆ ಮೇಲೆ ಕಾಣಿಸ್ತೀರಿ ಅಂತ ಹೇಳ್ತಾರೆ, ಆ ರಿಯಾಯಿತಿಯಲ್ಲಿ ನಿಮ್ಮ ಪಾಲೆಷ್ಟು ಅಂತ ಬರಹದಲ್ಲಿ ಕೇಳಿ. ನಿಮ್ಮ ತಲೆ ಮೇಲೇ 10 ಪರ್ಸೆಂಟ್ ಬಂದರೆ ಆ 23ರಲ್ಲಿ ಎಷ್ಟು ಉಳಿಯುತ್ತೆ ನೀವೇ ನೋಡಿ.

ಇನ್ನೊಂದು ವಿಷಯ. ಬೆಣ್ಣೆ ದೋಸೆ ಡಬ್ಬಿಯೊಳಗೆ ಹಬೆಯಾಡಿ ಹತ್ತೇ ನಿಮಿಷಕ್ಕೆ ಮೆತ್ತಗಾಗುತ್ತೆ. ಮನೆಯಲ್ಲಿ ಡಬ್ಬಿ ತೆಗೆದವರು ಬೈಯೋದು ನಿಮ್ಮನ್ನು, ಆಪನ್ನಲ್ಲ. ಸ್ಟಾರೂ ನಿಮಗೇ ಕಡಿಮೆ. ಮುಚ್ಚಳಕ್ಕೆ ತೂತಿರುವ ಡಬ್ಬಿ ತನ್ನಿ, ಪಲ್ಯ ಬೇರೆ ಕಟ್ಟಿ. ಇಲ್ಲಾಂದ್ರೆ ಆಪ್‌ನಲ್ಲಿ ಪಡ್ಡು, ಚಿತ್ರಾನ್ನ ಮಾತ್ರ ಇಡಿ. ಮತ್ತೆ ಡಬ್ಬಿ ಜೊತೆ ನಿಮ್ಮ ನಂಬರಿನ ಚೀಟಿ ಹಾಕೋದು ಮರೀಬೇಡಿ (ಕರಾರಿನಲ್ಲಿ ಅದಕ್ಕೆ ಅಡ್ಡಿ ಇಲ್ಲ ಅಂತ ಮೊದಲೇ ನೋಡಿಕೊಳ್ಳಿ). ವಾರಕ್ಕೆ ಮೂರು ಸಲ ತರಿಸಿಕೊಳ್ಳುವವರು ಯಾರು ಅಂತ ಆಪ್‌ಗೆ ಗೊತ್ತು, ನಿಮಗೆ ಗೊತ್ತಾಗಲ್ಲ. 24 ಪರ್ಸೆಂಟಿಗಿಂತ ನನಗೆ ದೊಡ್ಡದಾಗಿ ಕಾಣೋದು ಇದೇ. ನಾಳೆ ಅವರು 28 ಕೇಳಿದರೆ ಬಿಟ್ಟು ಬರೋಕೆ ನಿಮ್ಮ ಹತ್ತಿರ ನಿಮ್ಮದೇ ಗಿರಾಕಿಗಳಿರಬೇಕು.

ಪ್ರಶ್ನೆ: ಹೋಟೆಲಿನಲ್ಲಿ 70 ಇರೋ ದೋಸೆ ಆಪ್‌ನಲ್ಲಿ 95. ಇದು ಮೋಸ ಅಲ್ವಾ?

ಉತ್ತರ: ಮೋಸ ಅನ್ನೋಕಾಗಲ್ಲ. ಮೇಲಿನ ಉತ್ತರದ 28 ರೂಪಾಯಿ ಎಲ್ಲಿಂದಾದರೂ ಬರಬೇಕಲ್ಲ. ಅದರ ಮೇಲೆ ಡೆಲಿವರಿ ಚಾರ್ಜು, ಮತ್ತೆ ಪ್ರತಿ ಆರ್ಡರಿಗೂ ಗಿರಾಕಿಯಿಂದ ಆಪ್ ತಗೊಳ್ಳುವ ಪ್ಲಾಟ್‌ಫಾರ್ಮ್ ಫೀ. ಈ ಫೀ 2023ರಲ್ಲಿ 2 ರೂಪಾಯಿಯಿಂದ ಶುರುವಾಗಿ ಎರಡೇ ವರ್ಷದಲ್ಲಿ 10 ದಾಟಿತು, ನಾವು ಗಮನಿಸಲೂ ಇಲ್ಲ. ಬೇರೆ ಕಡೆ ಕಡಿಮೆ ರೇಟಿಗೆ ಮಾರಬೇಡಿ ಅಂತ ಹೋಟೆಲಿನವರಿಗೆ ಆಪ್‌ಗಳು ಕಟ್ಟುಪಾಡು ಹಾಕುತ್ತವೆ ಅಂತ ಹೋಟೆಲ್ ಮಾಲೀಕರ ರಾಷ್ಟ್ರೀಯ ಸಂಘವೇ ದೂರು ಕೊಟ್ಟಿತ್ತು. ಅದರ ಮೇಲೆ ಕಂಪನಿಗಳ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಕೇಂದ್ರದ ಕಾಂಪಿಟಿಷನ್ ಕಮಿಷನ್ 2022ರ ಏಪ್ರಿಲ್‌ನಲ್ಲಿ ಜೊಮ್ಯಾಟೊ, ಸ್ವಿಗ್ಗಿ ಮೇಲೆ ತನಿಖೆಗೆ ಆದೇಶ ಮಾಡಿತು. ಹೋಟೆಲ್ ಹತ್ತಿರದಲ್ಲಿದ್ದರೆ ನಡೆದು ಹೋಗಿ ತಿನ್ನಿ, ದೋಸೆ ಗರಿಗರಿಯಾಗೂ ಇರುತ್ತೆ.

ಪ್ರಶ್ನೆ: ಬೆಂಗಳೂರಿನಲ್ಲಿ ಆಟೋ ಓಡಿಸ್ತೀನಿ. ಆಟೋ ಆಪ್‌ಗಳಲ್ಲಿ ಕಮಿಷನ್ ಹೋಗಿ ದಿನದ ಫೀ ಬಂದಿದೆ. ನಮಗೆ ನಿಜವಾಗ್ಲೂ ಲಾಭಾನಾ?

ಉತ್ತರ: ಹೌದು ಅಣ್ಣ, ಲಾಭವೇ. ದಿನಕ್ಕೆ 1,500 ದುಡಿದು 20 ಪರ್ಸೆಂಟ್ ಕೊಟ್ಟರೆ 300 ಹೋಗುತ್ತಿತ್ತು. 2022ರ ನವೆಂಬರ್‌ನಲ್ಲಿ ಆಟೋ ಚಾಲಕರ ಸಂಘವೂ ಸೇರಿಕೊಂಡು ತಂದ 'ನಮ್ಮ ಯಾತ್ರಿ' ಆಪ್ ಮೊದಲು ಏನೂ ತಗೊಳ್ಳಲಿಲ್ಲ, ಆಮೇಲೆ ದಿನಕ್ಕೆ 25 ರೂಪಾಯಿ ಅಂತ ಇಟ್ಟಿತು. ಚಾಲಕರು ಅತ್ತ ಹೋಗೋಕೆ ಶುರು ಮಾಡಿದ ಮೇಲೆ 2024ರಲ್ಲಿ ರ‍್ಯಾಪಿಡೊ, ಓಲಾ, 2025ರ ಫೆಬ್ರವರಿಯಲ್ಲಿ ಊಬರ್ ಕೂಡ ಆಟೋಗೆ ಕಮಿಷನ್ ಬಿಟ್ಟವು. ಅವರಿಗೇನೂ ಕರುಣೆ ಬಂದಿದ್ದಲ್ಲ, ಬೇರೆ ದಾರಿ ಇರಲಿಲ್ಲ.

ಆದರೆ ಡಲ್ ದಿನದಲ್ಲೂ ಫೀ ಹೋಗುತ್ತೆ. ಮೂರು ಆಪ್ ಹಾಕಿಕೊಂಡರೆ ಮೂರು ಫೀ. ಬಾಡಿಗೆ ವಿಷಯದಲ್ಲಿ ಜಗಳ ಆದರೆ "ನಾವು ಜೋಡಿಸೋದಷ್ಟೇ" ಅಂತ ಕೈ ತೊಳೆದುಕೊಳ್ಳೋದೂ ಈಗ ಅವರಿಗೆ ಸುಲಭ. ಮತ್ತೊಂದು ಮಾತು, ಬೇಜಾರು ಮಾಡ್ಕೋಬೇಡಿ. 2025ರ ಆಗಸ್ಟ್‌ನಿಂದ ಸರ್ಕಾರಿ ದರ ಮೊದಲ 2 ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ಕಮಿಷನ್ ಉಳಿದ ಮೇಲೂ ಮಳೆ ಬಂದ ಕೂಡಲೇ ಡಬಲ್ ಕೇಳಿದರೆ ಪ್ರಯಾಣಿಕರು ನಿಮ್ಮ ಪರ ನಿಲ್ಲಲ್ಲ.

ಪ್ರಶ್ನೆ: ಡೆಲಿವರಿ ಕೆಲಸ ಮಾಡ್ತೀನಿ. ನಮಗೆ ಕಾನೂನು ಬಂದಿದೆ ಅಂತಾರೆ, ಏನು ಸಿಗುತ್ತೆ?

ಉತ್ತರ: ಬಂದಿದೆ. 2025ರಲ್ಲಿ ಕರ್ನಾಟಕ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ ಮಾಡಿತು. ಪ್ರತಿ ಆರ್ಡರಿಗೆ ನಿಮಗೆ ಕೊಡುವ ದುಡ್ಡಿನ ಮೇಲೆ 1ರಿಂದ 5 ಪರ್ಸೆಂಟ್ ಲೆಕ್ಕದಲ್ಲಿ ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಐಡಿ ಬ್ಲಾಕ್ ಮಾಡಿ ಕೆಲಸದಿಂದ ತೆಗೆಯೋದಾದರೆ 14 ದಿನ ಮುಂಚೆ ಕಾರಣ ಬರೆದು ನೋಟಿಸ್ ಕೊಡಬೇಕು. ನಿಮ್ಮ ಹೆಸರು ಈ ಕಾಯ್ದೆಯಡಿಯ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿದೆಯಾ ಅಂತ ಮೊದಲು ವಿಚಾರಿಸಿ, ವಾರವಾರದ ಪೇಔಟ್ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಐಡಿ ಬ್ಲಾಕ್ ಆದ ದಿನ ಆಪ್ ತೆರೆಯೋದೇ ಇಲ್ಲ.