ತಲಪಾಡಿಯ ಎರಡೂ ಬದಿಗೆ ಒಂದೇ ಕಾರ್ಡು

ಅಂಗವಿಕಲರ ಹಕ್ಕುಗಳ ಕಾಯ್ದೆ ಇಡೀ ದೇಶಕ್ಕೆ ಒಂದೇ ಆಗಿರುವಾಗ ಕಾಸರಗೋಡಿನವರು ಬಸ್ಸಿನ ವಿಷಯದಲ್ಲಿ ಪ್ರತ್ಯೇಕವಾಗಿ ಹೋರಾಡುವ ಅಗತ್ಯವೇನು ಎಂದು ನೀವು ಕೇಳಿದ್ದೀರಿ. ಕಾಯ್ದೆ ಒಂದೇ ಎಂಬುದು ನಿಜ. ಆದರೆ ಸರ್ಕಾರಿ ಬಸ್ಸು ಓಡಿಸುವುದು ರಾಜ್ಯಗಳು, ರಿಯಾಯಿತಿ ಕೊಡುವುದೂ ರಾಜ್ಯಗಳೇ; ನಮ್ಮ ಬದುಕಾದರೋ 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಎಳೆದ ಗೆರೆಯ ಎರಡೂ ಬದಿಗೆ ಹರಡಿಕೊಂಡಿದೆ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. ಕಾಸರಗೋಡು ಪೇಟೆಯಿಂದ ಅದು ಸುಮಾರು 50 ಕಿ.ಮೀ. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರಲ್ಲೇ ಶಂಕುಸ್ಥಾಪನೆಯಾಗಿದ್ದರೂ, ತಜ್ಞರ ಚಿಕಿತ್ಸೆ ಬೇಕಾದವರು ಈಗಲೂ ಕೇರಳ–ಕರ್ನಾಟಕ ಗಡಿಯ ತಲಪಾಡಿ ದಾಟುತ್ತಾರೆ. 2020ರ ಮಾರ್ಚಿನಲ್ಲಿ ಆ ಗಡಿಯನ್ನು ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ನಿಮಗೂ ನೆನಪಿರಬಹುದು. ಇದರ ಜೊತೆಗೆ ಎಂಡೋಸಲ್ಫಾನ್ ಇದೆ. ಸರ್ಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ಕೀಟನಾಶಕದ ದುಷ್ಪರಿಣಾಮದಿಂದಾಗಿ, ಎಣ್ಮಕಜೆಯಂಥ ಪಂಚಾಯತಿಗಳಲ್ಲಿ ಅಂಗವೈಕಲ್ಯವೆಂಬುದು ಒಂದೆರಡು ಮನೆಗಳ ಕಷ್ಟವಾಗಿ ಉಳಿದಿಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಸುಪ್ರೀಂ ಕೋರ್ಟು 2017ರಲ್ಲಿ ಆದೇಶಿಸಿತು. ಅಂಥ ಹಣದಲ್ಲೂ ಒಂದು ಪಾಲು ಬಾಡಿಗೆ ಕಾರಿಗೇ ಸಂದುಹೋಗುತ್ತದೆ ಎಂಬುದನ್ನು ಹೊರಗಿನವರು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಬಾಡಿಗೆ ಕಾರೇ ಏಕೆ ಎಂದರೆ, ಬಸ್ಸಿಗೆ ಹತ್ತುವುದನ್ನು ಒಮ್ಮೆ ನೋಡಬೇಕು. ನಮ್ಮ ಒಳದಾರಿಗಳಲ್ಲಿ ಹೆಚ್ಚಾಗಿ ಓಡುವುದು ನಿಮಿಷದ ಲೆಕ್ಕದಲ್ಲಿ ಪೈಪೋಟಿ ನಡೆಸುವ ಖಾಸಗಿ ಬಸ್ಸುಗಳು. ತಗ್ಗು ನೆಲದ ನಗರ ಬಸ್ಸಿನ ನೆಲ ರಸ್ತೆಯಿಂದ 400 ಮಿ.ಮೀ. ಎತ್ತರದಲ್ಲಿದ್ದರೆ ಮಾಮೂಲಿ ಬಸ್ಸಿನಲ್ಲಿ ಅದು 900ರ ಆಸುಪಾಸು. ಬೆಳೆದ ಮಗನ ಕಂಕುಳಿಗೆ ಕೈಕೊಟ್ಟು ತಾಯಿ ಎತ್ತುತ್ತಿರುವಾಗ, ಅವನ ಒಂದು ಕಾಲು ಮೆಟ್ಟಿಲ ಮೇಲೂ ಇನ್ನೊಂದು ರಸ್ತೆಯಲ್ಲೂ ಇರುವಾಗಲೇ ಡಬಲ್ ಬೆಲ್ ಬೀಳುತ್ತದೆ. ಗಾಲಿಕುರ್ಚಿಯನ್ನು ಎಲ್ಲಿಡುವುದೆಂಬ ಪ್ರಶ್ನೆ ಆಮೇಲಿನದು. ಕಂಡಕ್ಟರುಗಳು ಕೆಟ್ಟವರೇನಲ್ಲ, ಎಷ್ಟೋ ಸಲ ಅವರೇ ಇಳಿದು ಬಂದು ಹಿಡಿದೆತ್ತುತ್ತಾರೆ; ಆದರೆ ಕಂಡಕ್ಟರ್ ಒಳ್ಳೆಯವನಿರಬಹುದೆಂಬ ಭರವಸೆಯ ಮೇಲೆ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಗೊತ್ತುಮಾಡಿಕೊಳ್ಳಲಾಗದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಕಲಮು ಬಸ್ ನಿಲ್ದಾಣ, ರೈಲು ನಿಲ್ದಾಣ, ವಾಹನಗಳೆಲ್ಲವೂ ಅಂಗವಿಕಲರಿಗೆ ಸುಗಮವಾಗಿರಬೇಕೆನ್ನುತ್ತದೆ. ಹಳೆಯ ವಾಹನಗಳ ಮಾರ್ಪಾಡಿನ ವಿಷಯಕ್ಕೆ ಬಂದಾಗ ಮಾತ್ರ, ತಾಂತ್ರಿಕವಾಗಿ ಸಾಧ್ಯವಿದ್ದು ಆರ್ಥಿಕವಾಗಿ ಕಾರ್ಯಸಾಧ್ಯವಾದ ಕಡೆ ಎಂದು ಸೇರಿಸುತ್ತದೆ. ಆ ಒಂದು ಷರತ್ತಿನ ಸಂದಿಯಲ್ಲಿ ಇಡೀ ಬಸ್ಸೇ ನುಸುಳಿಹೋಗುತ್ತಿದೆ ಎಂದು ನನ್ನ ಅಭಿಪ್ರಾಯ. ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ, ಸುಗಮ್ಯತೆಯ ಮಾನದಂಡಗಳನ್ನು ಬರಿಯ ಸಲಹೆಯಾಗಿ ಬಿಟ್ಟಿದ್ದ ನಿಯಮವು ಕಾಯ್ದೆಗೇ ವಿರುದ್ಧವೆಂದು ಹೇಳಿ, ಕಡ್ಡಾಯ ನಿಯಮಗಳನ್ನು ರೂಪಿಸಲು ಸೂಚಿಸಿದ ಮೇಲೆ ನಮ್ಮ ವಾದಕ್ಕೆ ಬಲ ಬಂದಿದೆ.

ಇನ್ನು ಗಡಿಯ ಮಾತು. ಮಂಗಳೂರು–ಕಾಸರಗೋಡು ದಾರಿಯಲ್ಲಿ ಎರಡು ರಾಜ್ಯಗಳ ನಿಗಮಗಳೂ ಬಸ್ಸು ಓಡಿಸುತ್ತವೆ. ಇಂಗ್ಲಿಷಿನಲ್ಲಿ ಇಬ್ಬರ ಹೆಸರಿನ ಮೊದಲಕ್ಷರಗಳೂ ಒಂದೇ, ಕೆಎಸ್‌ಆರ್‌ಟಿಸಿ, ಎಂಬುದು ನಮ್ಮೂರಿನ ಹಳೆಯ ತಮಾಷೆ. ಕರ್ನಾಟಕದ ನಿಗಮ ಅಂಗವಿಕಲರಿಗೆ ಕೊಡುವ ರಿಯಾಯಿತಿ ಪಾಸು ಆ ರಾಜ್ಯದ ನಿವಾಸಿಗಳಿಗೆ, ಆ ರಾಜ್ಯದೊಳಗಿನ ಓಡಾಟಕ್ಕೆ. ಹೀಗಾಗಿ ಪೆರ್ಲದವನು ತಲಪಾಡಿ ದಾಟಿದೊಡನೆ ಸಾಮಾನ್ಯ ಪ್ರಯಾಣಿಕನಾಗಿಬಿಡುತ್ತಾನೆ. ಅವನ ಕೈಯಲ್ಲಿರುವ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ, ದೇಶದಾದ್ಯಂತ ಮಾನ್ಯವಾದದ್ದು, ಆದರೆ ಟಿಕೆಟ್ ಯಂತ್ರಕ್ಕೆ ಅದು ಗೊತ್ತಿಲ್ಲ. ರೈಲಿಗೆ ಈ ಗಡಿಯಿಲ್ಲ. ಅಲ್ಲಿ ಎರಡನೇ ದರ್ಜೆಯಲ್ಲಿ ಅರ್ಹರಿಗೂ ಜೊತೆಗಿರುವವರಿಗೂ 75 ಶೇಕಡಾದವರೆಗೆ ರಿಯಾಯಿತಿ ಇದೆ. ಆದರೆ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೂ ರೈಲ್ವೆಯ ಅಂಗವಿಕಲ ರಿಯಾಯಿತಿ ನಾಲ್ಕೇ ವರ್ಗಗಳಿಗೆ ಸೀಮಿತವಾಗಿದೆ. ಪೆರ್ಲ, ಬದಿಯಡ್ಕದವರು ರೈಲು ಹಿಡಿಯಬೇಕಾದರೂ ಮೊದಲು ಬಸ್ಸು ಹತ್ತಲೇಬೇಕು.

ಆದ್ದರಿಂದ ನಾವು ಹೊಸ ಕಾಯ್ದೆಯನ್ನು ಕೇಳಬೇಕಾಗಿಲ್ಲ. ಅಂತರರಾಜ್ಯ ಬಸ್ಸುಗಳು ಓಡುವುದು ಮೋಟಾರು ವಾಹನ ಕಾಯ್ದೆಯ 88ನೇ ಕಲಮಿನಂತೆ ಎರಡು ರಾಜ್ಯಗಳು ಮಾಡಿಕೊಳ್ಳುವ ಪರಸ್ಪರ ಒಪ್ಪಂದದ ಮೇಲೆ. ಯಾವ ರಾಜ್ಯದ ಯುಡಿಐಡಿ ಕಾರ್ಡಿಗಾದರೂ ಇಡೀ ದಾರಿಗೆ ರಿಯಾಯಿತಿ, ಮತ್ತು ಆ ದಾರಿಗೆ ಬಿಡುವ ಪ್ರತಿ ಹೊಸ ಬಸ್ಸಿನಲ್ಲಿ ಗಾಲಿಕುರ್ಚಿ ಏರಿಸುವ ವ್ಯವಸ್ಥೆ, ಇವೆರಡನ್ನು ಆ ಒಪ್ಪಂದದಲ್ಲಿ ಬರೆದುಕೊಂಡರೆ ಸಾಕು. 2019ರಲ್ಲಿ ಎಂಡೋಸಲ್ಫಾನ್ ಸಂತ್ರಸ್ತ ಮಕ್ಕಳನ್ನು ಕರೆದುಕೊಂಡು ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ಕುಳಿತ ಇಲ್ಲಿನ ತಾಯಂದಿರಿಗೆ ಮನವಿ ಕೊಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಒಪ್ಪಂದಕ್ಕೆ ಸಹಿ ಹಾಕುವವರಲ್ಲಿ ಒಬ್ಬರು ಬೆಂಗಳೂರಿನಲ್ಲಿದ್ದಾರೆ, ಅಲ್ಲಿ ನಮಗೆ ಮತವಿಲ್ಲ. ನಿಮಗಿದೆ, ಅದಕ್ಕಾಗಿಯೇ ಇಷ್ಟು ದೀರ್ಘವಾಗಿ ಬರೆದೆ.