ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ನಾಯಿಯ ಬೆನ್ನಿನ ಡಿಸ್ಕ್ ಸರಿಯಾಗಿದೆಯೆಂದು ಅರ್ಥವೇ?

ನಿಮ್ಮ ಐದು ವರ್ಷದ ಡ್ಯಾಷ್‌ಹಂಡ್ ಜಗಲಿಯಿಂದ ಹಾರಿದ ಮೇಲೆ ಹಿಂಗಾಲು ಎಳೆಯುತ್ತಿದೆ, ಬದಿಯಡ್ಕದಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ದೋಷ ಕಂಡಿಲ್ಲ ಎಂದು ಬರೆದಿದ್ದೀರಿ. ಅಷ್ಟರಿಂದಲೇ ಡಿಸ್ಕ್ (ಬೆನ್ನಿನ ಮೂಳೆಗಳ ನಡುವಿನ ಮೆತ್ತೆ) ಸರಿಯಿದೆ ಎನ್ನಲಾಗದು.

ಎಕ್ಸ್‌ರೇ ಮೂಳೆಯನ್ನು ತೋರಿಸುತ್ತದೆಯೇ ಹೊರತು ಬೆನ್ನುಹುರಿಯನ್ನಲ್ಲ. ಕಶೇರುಗಳ (ಬೆನ್ನಿನ ಮೂಳೆಗಳ) ನಡುವಿನ ಅಂತರ ಕಿರಿದಾಗಿರುವುದು, ಡಿಸ್ಕ್ ಸುಣ್ಣಗಟ್ಟಿ ಬೆಳ್ಳಗೆ ಕಾಣುವುದು ಸುಳಿವುಗಳಷ್ಟೇ. ಈ ತಳಿಯಲ್ಲಿ ಯಾವ ತೊಂದರೆಯನ್ನೂ ಕೊಡದ ಡಿಸ್ಕುಗಳೂ ಸುಣ್ಣಗಟ್ಟಿರುವುದುಂಟಾದ್ದರಿಂದ, ಬಿಳಿ ಚುಕ್ಕೆ ಕಂಡಲ್ಲೇ ಒತ್ತಡವಿದೆ ಎಂದು ತೀರ್ಮಾನಿಸಿ ಶಸ್ತ್ರಚಿಕಿತ್ಸೆಗೆ ಇಳಿಯುವಂತಿಲ್ಲ. ಮುರಿತ, ಮೂಳೆಯ ಸೋಂಕು ಇತ್ಯಾದಿಗಳನ್ನು ಹುಡುಕಲು ಮಾತ್ರ ಎಕ್ಸ್‌ರೇ ಒಳ್ಳೆಯ ಮೊದಲ ಹೆಜ್ಜೆ.

ಸಿಟಿ ಸ್ಕ್ಯಾನ್ ಬೇಗ ಮುಗಿಯುತ್ತದೆ, ಸುಣ್ಣಗಟ್ಟಿದ ಡಿಸ್ಕಿನ ಚೂರು ಯಾವ ಬದಿಯಲ್ಲಿ ಒತ್ತಿದೆ ಎಂಬುದನ್ನು ಚೆನ್ನಾಗಿ ತೋರಿಸುತ್ತದೆ. ಬೆನ್ನುಹುರಿಯ ಬಾವು, ರಕ್ತಸ್ರಾವ, ಸುಣ್ಣಗಟ್ಟದ ಡಿಸ್ಕ್ ಇವನ್ನು ನೋಡಲು ಎಂಆರ್‌ಐಯೇ ಶ್ರೇಷ್ಠ. ಆದರೆ ನಾಯಿ ಅಲುಗಾಡಬಾರದಾದ್ದರಿಂದ ಹೆಚ್ಚು ಹೊತ್ತು ಅರಿವಳಿಕೆ ಬೇಕು, ಖರ್ಚೂ ಹೆಚ್ಚು. ಹುರಿಯ ಸುತ್ತ ಔಷಧಿ ಚುಚ್ಚಿ ಎಕ್ಸ್‌ರೇ ತೆಗೆಯುವ ಮೈಲೋಗ್ರಾಂ ಈಗ ಹಿಂದೆ ಸರಿದಿದೆ.

ನೋವಿದ್ದರೂ ನಡೆಯಬಲ್ಲ ನಾಯಿಗೆ ಕೆಲವು ವಾರಗಳ ಕಟ್ಟುನಿಟ್ಟಿನ ಗೂಡುವಿಶ್ರಾಂತಿ (ಓಡಾಡದಂತೆ ಗೂಡಿನಲ್ಲೇ ಇರಿಸುವುದು) ಮತ್ತು ಮದ್ದಿನಿಂದಲೇ ಬಹಳಷ್ಟು ಸಲ ಗುಣವಾಗುತ್ತದೆ, ಸ್ಕ್ಯಾನ್ ಅವಸರವಿಲ್ಲ. ನಡೆಯಲಾರದಂತಾದರೆ, ಮೂತ್ರ ಕಟ್ಟಿದರೆ ಅಥವಾ ವೈದ್ಯರು ಹಿಂಗಾಲಿನ ಬೆರಳನ್ನು ಬಲವಾಗಿ ಹಿಸುಕಿದಾಗ ಅದು ತಿರುಗಿಯೂ ನೋಡದಿದ್ದರೆ (ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುವುದಷ್ಟೇ ಸಾಲದು) ಒಂದು ದಿನವೂ ಕಾಯಬೇಡಿ. ಮಂಗಳೂರಿಗೋ ತ್ರಿಶೂರಿನ ಮಣ್ಣುತ್ತಿ ಪಶುವೈದ್ಯ ಕಾಲೇಜಿಗೋ ಹೊರಡುವ ಮೊದಲು, ಸ್ಕ್ಯಾನ್ ಯಂತ್ರದ ಜತೆಗೆ ಬೆನ್ನುಹುರಿಯ ಶಸ್ತ್ರಚಿಕಿತ್ಸಕರೂ ಸಿಗುತ್ತಾರೆಯೇ ಎಂದು ಫೋನಿನಲ್ಲಿ ವಿಚಾರಿಸಿ, ನಾಯಿಯನ್ನು ಹಲಗೆಯ ಮೇಲೆ ಮಲಗಿಸಿಯೇ ಒಯ್ಯಿರಿ.